ಎಣ್ಣೆಯೊಳಗಿನ ಕೆಂಪು

"ಒಪ್ಕೊಂಡ್ಬಿಡಮ್ಮ. ಒಂದು ಸಾಲು ಬರ್ದು ಕೊಡು, ಮುಗೀತು," ಎಂದ ವಸಿಷ್ಠ, ಮಗುವಿಗೆ ಕಷಾಯ ಕುಡಿಸುವವರ ದನಿಯಲ್ಲಿ.

ನನ್ನ ಅಕ್ಕ ಚೈತ್ರ ತಲೆ ಎತ್ತಲಿಲ್ಲ. ಅವಳೆದುರು ಮೇಜಿನ ಮೇಲೆ ಒಂದು ಬಿಳಿ ಹಾಳೆ, ಪೆನ್ನು, ಒಂದು ಸ್ಟೀಲ್ ಬಟ್ಟಲು. ಬಟ್ಟಲ ಬಾಯಿಗೆ ಸಣ್ಣ ಕಣ್ಣಿನ ತಂತಿಬಲೆ. ಬಲೆಯ ಮೇಲೆ, ಸುಟ್ಟ ಯಂತ್ರದ ಎಣ್ಣೆ ಸೋಸಿದಾಗ ಉಳಿದ ಕೆಂಪು ಪುಡಿ. ರವೆಗಿಂತ ಸಣ್ಣದು.

"ಕುಂಕುಮ," ಎಂದು ವಸಿಷ್ಠ ಪೆನ್ನಿನ ತುದಿಯಿಂದ ತೋರಿಸಿದ. "ಆಯುಧಪೂಜೆ ದಿನ ಟ್ಯೂಬಿಗೆ ಪೂಜೆ ಮಾಡಿದ್ದು ಇವ್ರು. ಕುಂಕುಮ ಎಣ್ಣೆಗೆ ಬಿತ್ತು. ಎಣ್ಣೆ ಕೆಡ್ತು. ಟ್ಯೂಬ್ ಸುಡ್ತು. ಇದ್ರಲ್ಲಿ ತನಿಖೆ ಮಾಡೋಕೇನಿದೆ?"

ಹಿಂದಿನ ವಾರ ಬನಶಂಕರಿಯ ಈ ಹೊನ್ನಕಿರಣ ಸ್ಕ್ಯಾನ್ ಸೆಂಟರಿನಲ್ಲಿ, ಸ್ಕೂಟರಿನಿಂದ ಬಿದ್ದ ಶರಣಮ್ಮ ಎಂಬ ಹೂವಿನ ವ್ಯಾಪಾರದ ಹೆಂಗಸಿನ ತಲೆಯ ಸ್ಕ್ಯಾನ್ ಅರ್ಧಕ್ಕೆ ಬಂದಿದ್ದಾಗ ಸಿಟಿ ಯಂತ್ರದ ಟ್ಯೂಬ್ ಪಟಾರನೆ ಸಿಡಿದು ನಿಂತಿತ್ತು. ಬೇರೆ ಆಸ್ಪತ್ರೆಗೆ ಸಾಗಿಸುವಷ್ಟರಲ್ಲಿ ಶರಣಮ್ಮನಿಗೆ ಎಚ್ಚರ ತಪ್ಪಿತ್ತು. ಇನ್ನೂ ಬಂದಿರಲಿಲ್ಲ.

ಯಂತ್ರ ನಡೆಸುತ್ತಿದ್ದವಳು ಅಕ್ಕ.

"ಸಂಜೆ ತನಕ ಟೈಮ್ ಕೊಡ್ತೀನಿ," ಎಂದರು ಸೆಂಟರಿನ ಮಾಲೀಕ ಚಿಕ್ಕಬೈರಪ್ಪ. ಇಟ್ಟಮಡುವಿನ ಹಳೇ ಊರಿನ ಗೌಡರ ಮನೆಯವರು. ರಾಗಿ ಹೊಲವಿದ್ದ ಜಾಗದಲ್ಲಿ ಈಗ ಅವರ ಮೂರು ಬಿಲ್ಡಿಂಗ್ ನಿಂತಿವೆ. ಬಿಳಿ ಶರ್ಟು, ಬಿಳಿ ಪ್ಯಾಂಟು, ಬಿಳಿ ಚಪ್ಪಲಿ. "ಬರ್ದು ಕೊಟ್ರೆ ಕೆಲ್ಸ ಬಿಟ್ಟು ಹೋಗು, ಅಷ್ಟೇ. ಇಲ್ದಿದ್ರೆ ಸ್ಟೇಷನ್ನು. ಆ ಹೂವಿನವಳಿಗೇನಾದ್ರೂ ಆಯ್ತೂಂದ್ರೆ ನನ್ ಕೈಲೂ ಇರಲ್ಲ."

"ನಾನು ಟ್ಯೂಬ್ ಬಿಚ್ಚಿಲ್ಲ ಸಾರ್," ಎಂದಳು ಅಕ್ಕ. ಬೆಳಗಿನಿಂದ ಅದೊಂದೇ ಮಾತು.

"ಬಿಚ್ದೇ ಕುಂಕುಮ ಒಳಗೆ ಹೋಗುತ್ತಾ? ನಡ್ಕೊಂಡ್ ಹೋಯ್ತಾ?" ಎಂದು ವಸಿಷ್ಠ ನಕ್ಕ. ಯಂತ್ರಕ್ಕೆ ಟ್ಯೂಬ್ ತಂದು ಕೊಟ್ಟವನು, ಸರ್ವೀಸ್ ಮಾಡುವವನು ಅವನೇ. ಬಸವನಗುಡಿಯ ಓದಿದ ಮನೆತನ, ಇಸ್ತ್ರಿ ಮಾಡಿದ ಇಂಗ್ಲಿಷು.

ಬರೆದು ಕೊಟ್ಟರೆ ಏನಾಗುತ್ತದೆಂದು ನನಗೆ ಗೊತ್ತು. ಜಯನಗರದಿಂದ ಬೊಮ್ಮನಹಳ್ಳಿಯವರೆಗೆ ಒಬ್ಬ ಡಾಕ್ಟರೂ ಅವಳನ್ನು ಯಂತ್ರದ ಹತ್ತಿರ ಬಿಟ್ಟುಕೊಳ್ಳುವುದಿಲ್ಲ. ಆ ಉಂಗುರದಂಥ ಯಂತ್ರವನ್ನು ಬಿಟ್ಟರೆ ಅಕ್ಕನಿಗೆ ಬೇರೆ ಆಸೆಯೇ ಇರಲಿಲ್ಲ. ಮನೆಯಲ್ಲಿ ಮಿಕ್ಸಿ ತಿರುಗುವಾಗಲೂ ಅದರ ಬಗ್ಗೆಯೇ ಮಾತಾಡುವವಳು.

ನಾನು ಬಲೆಯ ಮೇಲಿನ ಕೆಂಪು ಪುಡಿಯಲ್ಲಿ ಒಂದು ಚಿಟಿಕೆ ತೆಗೆದು ಸಿಗರೇಟ್ ಪ್ಯಾಕಿನ ಬೆಳ್ಳಿಕಾಗದದಲ್ಲಿ ಸುತ್ತಿದೆ.

"ಏಯ್, ಯಾರಯ್ಯ ನೀನು?" ಎಂದ ವಸಿಷ್ಠ.

"ಮನೋಜ. ಇವಳ ತಮ್ಮ. ಕದ್ದ ಗಾಡಿ ಹುಡುಕಿ ಕೊಡೋ ಕೆಲ್ಸ. ಕುಮಾರಸ್ವಾಮಿ ಲೇಔಟಲ್ಲಿ ಆಫೀಸು."

"ಓ, ಡಿಟೆಕ್ಟಿವ್ವು. ಎಷ್ಟು ಓದಿದೀಯಾ?"

"ಒಂಬತ್ತಕ್ಕೆ ಬಿಟ್ಟೆ. ನಿಮ್ಮಂಥೋರ ಮಗ ನನ್ ಪಕ್ಕದಲ್ಲಿ ಕೂತಿದ್ದ, ವಾಸನೆ ತಡ್ಯೋಕಾಗ್ಲಿಲ್ಲ."

ಚಿಕ್ಕಬೈರಪ್ಪನವರು ಮೀಸೆಯಲ್ಲೇ ನಕ್ಕರೋ, ಗುರುಗುಟ್ಟಿದರೋ ತಿಳಿಯಲಿಲ್ಲ. ನಾನು ಬೈಕ್ ಹತ್ತಿದೆ.

*

ಸಮನ್ವಿತಾ ಮೇಡಂ ಜೆ.ಪಿ. ನಗರದಲ್ಲಿ, ತಮ್ಮ ಮನೆಯ ಗ್ಯಾರೇಜಿನಲ್ಲೇ, ಯಂತ್ರಗಳ ಎಣ್ಣೆ ಪರೀಕ್ಷೆ ಮಾಡುತ್ತಾರೆ. ಮೊದಲು ಸ್ಕ್ಯಾನ್ ಯಂತ್ರದ ಕಂಪನಿಯೊಂದರಲ್ಲಿ ಇಂಜಿನಿಯರ್ ಆಗಿದ್ದವರು. ಅವರ ಆಕ್ಟಿವಾ ಕಳುವಾದಾಗ ಹುಡುಕಿ ಕೊಟ್ಟವನು ನಾನು.

ಒಳಗೆ ಕಾಲಿಡುವ ಮೊದಲೇ ಚಪ್ಪಲಿ ಬಿಡಿಸಿ, ತಲೆಗೊಂದು ಟೊಪ್ಪಿ ಹಾಕಿಸಿದರು.

"ದೇವಸ್ಥಾನಕ್ಕೂ ಇಷ್ಟು ಮಡಿ ಇಲ್ಲ ಮೇಡಂ."

"ದೇವಸ್ಥಾನದಲ್ಲಿ ಒಂದು ಕೂದಲು ಬಿದ್ರೆ ದೇವರು ಸುಟ್ಟು ಹೋಗಲ್ಲ. ಇಲ್ಲಿ ಹೋಗ್ತಾನೆ."

ಕೆಂಪು ಪುಡಿಯನ್ನು ಗಾಜಿನ ಚೂರಿನ ಮೇಲಿಟ್ಟು ನೋಡುತ್ತಲೇ ವಿವರಿಸಿದರು. ಸಿಟಿ ಯಂತ್ರದ ಉಂಗುರದೊಳಗೆ ಎಕ್ಸ್-ರೇ ಟ್ಯೂಬ್ ರೋಗಿಯ ಸುತ್ತ ಗಿರಗಿರನೆ ಸುತ್ತುತ್ತದೆ. ಟ್ಯೂಬಿನ ಒಳಗಿನ ತಟ್ಟೆಯೂ ಸುತ್ತುತ್ತದೆ. ಕೆಂಡದಂತೆ ಕಾಯುವ ಟ್ಯೂಬನ್ನು ತಂಪಾಗಿಡಲು, ಅದರ ಕವಚದ ತುಂಬ ಎಣ್ಣೆ. ಆ ಎಣ್ಣೆಗೆ ಇನ್ನೊಂದು ಕೆಲಸವೂ ಇದೆ. ಲಕ್ಷಕ್ಕೂ ಮಿಗಿಲಾದ ವೋಲ್ಟಿನ ಕರೆಂಟು ಹಾರದಂತೆ ತಡೆಯುವುದು.

"ಶುದ್ಧ ಎಣ್ಣೆ ಗೋಡೆ ಇದ್ದ ಹಾಗೆ. ಒಂದು ಹನಿ ನೀರು, ಒಂದು ಗುಳ್ಳೆ ಗಾಳಿ, ಇಂಥ ಒಂದು ಪುಡಿ ಬಿತ್ತು ಅಂದ್ರೆ ಗೋಡೇಲಿ ಬಿರುಕು. ಮೇಲಿಂದ ಇಡೀ ಉಂಗುರ ಸುತ್ತುತ್ತಲ್ಲ, ಪುಡಿ ಒಂದು ಕಡೆ ತಳ ಕಂಡು ಕೂರಲ್ಲ. ಎಲ್ಲಿಗೆ ಬೇಡ್ವೋ ಅಲ್ಲಿಗೇ ಹೋಗುತ್ತೆ. ಆಮೇಲೆ ಕಿಡಿ."

"ಇದು ಕುಂಕುಮಾನಾ?"

"ಕುಂಕುಮಾನೇ. ವಸಿಷ್ಠ ಅಷ್ಟು ಸುಳ್ಳು ಹೇಳಿಲ್ಲ." ಮೇಡಂ ಕನ್ನಡಕ ತೆಗೆದರು. "ಆದ್ರೆ ಹೊರಗೆ ಬೊಟ್ಟಿಟ್ರೆ ಒಳಗೆ ಹೋಗಲ್ಲ. ಕವಚಕ್ಕೆ ಎರಡೇ ಬಾಯಿ. ಕೆಳಗೆ ಎಣ್ಣೆ ತೆಗೆಯೋ ಮುಚ್ಚಳ. ಮೇಲೆ ಪೈಪ್ ಸೇರೋ ಹಿತ್ತಾಳೆ ಜಾಯಿಂಟು. ಅಲ್ಲಿ ಬೊಟ್ಟಿಟ್ಟು, ಅದನ್ನ ಒರೆಸದೆ ಯಾರಾದ್ರೂ ಜಾಯಿಂಟ್ ಬಿಚ್ಚಿದ್ರೆ ಮಾತ್ರ ಉದುರಿ ಒಳಗೆ ಬೀಳುತ್ತೆ. ಬಿಚ್ಚೋ ಮೊದ್ಲು ಬಾಯಿ ಒರೆಸ್ಬೇಕು, ಕೆಲಸ ಕಲಿಯುವಾಗ ಮೊದಲ ದಿನ ಹೇಳೋ ಮಾತು."

"ಕೆಳಗಿನ ಮುಚ್ಚಳಕ್ಕೆ ಸೀಸದ ಸೀಲ್ ಇತ್ತು. ಟ್ಯೂಬ್ ಸುಟ್ಟ ಮೇಲೆ ಎಲ್ಲರ ಮುಂದೇನೇ ವಸಿಷ್ಠ ಕತ್ತರಿಸಿದ್ದು."

"ಹಾಗಾದ್ರೆ ಮೇಲಿನ ಜಾಯಿಂಟು."

ನನ್ನ ತಲೆಯಲ್ಲಿ ಟಪ್ಪೆಂದು ದೀಪ ಹತ್ತಿತು. ಪೂಜೆಯಾದ ಮೇಲೆ ವಸಿಷ್ಠ ಜಾಯಿಂಟ್ ಬಿಚ್ಚಿದ್ದಾನೆ. ಯಾಕೋ ಏನೋ. ಒಳ್ಳೆಯ ಎಣ್ಣೆ ಹೀರಲೋ, ಒಳ್ಳೆಯ ಪಂಪ್ ಬದಲಿಸಲೋ. ಕುಂಕುಮ ಒರೆಸಲು ಸೋಮಾರಿತನ. ಈಗ ಅಕ್ಕನ ಕೊರಳಿಗೆ ಹಗ್ಗ.

"ಮೇಡಂ, ಟೊಪ್ಪಿ ಹಾಕ್ಕೊಂಡೇ ಬನ್ನಿ. ಆ ಉಂಗುರ ಬಿಚ್ಚಬೇಕು."

"ಬಿಚ್ಚೋಕೆ ಬಿಡ್ತಾರಾ?"

"ಕೇಳಿದ್ರೆ ತಾನೇ ಬಿಡೋದು, ಬಿಡದೇ ಇರೋದು."

*

ಮಧ್ಯಾಹ್ನ ನಾವು ಬಂದಾಗ ಸೆಂಟರಿನಲ್ಲಿ ಇನ್ನೊಬ್ಬರು ಕೂತಿದ್ದರು. ಚಿಕ್ಕಬೈರಪ್ಪನವರ ಹೆಂಡತಿ ಲಕ್ಷ್ಮಮ್ಮ. ಗಂಡನಿಗೆ ಊಟದ ಕ್ಯಾರಿಯರ್ ತಂದವರು, ಅಕ್ಕನ ಮುಖ ನೋಡಿ ಅಲ್ಲೇ ಕೂತುಬಿಟ್ಟಿದ್ದರು. "ಏನಾಯ್ತೇ ಕೂಸೇ?" ಎಂದು ಕೇಳುತ್ತಲೇ ಇದ್ದರು. ಅಕ್ಕ ಹೇಳುತ್ತಿರಲಿಲ್ಲ.

ನಾನು ಸೀದಾ ವಸಿಷ್ಠನ ಎದುರು ನಿಂತೆ.

"ಟ್ಯೂಬ್ ಇಲ್ಲಿಗೆ ಬಂದ ಮೇಲೆ ಮೇಲಿನ ಜಾಯಿಂಟ್ ಬಿಚ್ಚಿದ್ದೀರಾ?"

"ಇಲ್ಲ. ಫ್ಯಾಕ್ಟರಿ ಸೀಲ್ಡ್ ಪೀಸ್. ಹೊಚ್ಚ ಹೊಸದು. ನನ್ ಹುಡುಗ್ರು ಕೂರಿಸಿದ್ರು, ಬಂದ್ರು. ಬಿಚ್ಚಿದ್ದು ನಿಮ್ಮಕ್ಕ."

"ಆಣೆ ಮಾಡ್ತೀರಾ?"

"ಆಣೆಗೀಣೆ ನಂಬಲ್ಲಪ್ಪ ನಾನು. ಸೈನ್ಸ್ ಓದಿರೋನು."

"ಸರಿ, ಸೈನ್ಸೇ ನೋಡೋಣ. ಕವರ್ ತೆಗೀರಿ."

ವಸಿಷ್ಠ ಚಿಕ್ಕಬೈರಪ್ಪನವರ ಕಡೆ ನೋಡಿದ. ಅವರು ಕೈ ಅಡ್ಡ ಹಿಡಿದರು. "ಅದೆಲ್ಲ ಬ್ಯಾಡ. ಕೋಟಿ ರೂಪಾಯಿ ಮಷೀನು. ಕಂಡೋರೆಲ್ಲ ಕೈ ಹಾಕೋಕೆ ಬೀದಿ ನಲ್ಲಿ ಅಲ್ಲ."

"ಕಂಡೋರು ಅಲ್ಲ ಸಾರ್," ಎಂದರು ಸಮನ್ವಿತಾ. "ಈ ಮಾಡೆಲ್ ಹತ್ತಾರು ಕಡೆ ನಾನೇ ಕೂರಿಸಿದೀನಿ. ಪವರ್ ಆಫ್ ಇದೆ. ಯಾವುದನ್ನೂ ಬಿಚ್ಚಲ್ಲ, ಬರೀ ನೋಡ್ತೀನಿ."

"ನೋಡ್ಲಿ ಬುಡಿ. ನೋಡುದ್ರೆ ಸವ್ದೋಯ್ತದಾ?" ಎಂದರು ಲಕ್ಷ್ಮಮ್ಮ ಕೂತಲ್ಲಿಂದಲೇ.

ಚಿಕ್ಕಬೈರಪ್ಪನವರ ಕೈ ಕೆಳಗಿಳಿಯಿತು.

ಬಿಳಿ ಉಂಗುರದ ಮುಚ್ಚಳ ಕಳಚಿದಾಗ ಒಳಗಿನ ಲೋಕ ಕಂಡಿತು. ತಂತಿ, ಪೈಪು, ಫ್ಯಾನು. ನಡುವೆ ಬೂದು ಬಣ್ಣದ ಉಕ್ಕಿನ ಕವಚದಲ್ಲಿ ಟ್ಯೂಬು. ಅದರ ನೆತ್ತಿಯಲ್ಲಿ ಹಿತ್ತಾಳೆಯ ಜಾಯಿಂಟು, ಮೂಗುತಿಯ ಹಾಗೆ.

ಜಾಯಿಂಟಿನ ಮೇಲೆ ಬೊಟ್ಟು.

ತಿರುಗುವ ಮುಚ್ಚಳಿಕೆಯ ಅರ್ಧ, ಕೆಳಗಿನ ಕುತ್ತಿಗೆಯ ಅರ್ಧ, ಎರಡನ್ನೂ ಹಿಡಿದು ಇಟ್ಟ ಬೊಟ್ಟು. ಎಣ್ಣೆಯಲ್ಲಿ ಕಲಸಿ ಇಟ್ಟದ್ದು, ಒಣಗಿ ಅರಗಿನಂತೆ ಗಟ್ಟಿಯಾಗಿತ್ತು. ಎಲ್ಲೂ ಬಿರುಕಿಲ್ಲ. ಜಾಯಿಂಟನ್ನು ಕೂದಲೆಳೆಯಷ್ಟು ತಿರುಗಿಸಿದ್ದರೂ ಅದು ಎರಡು ಹೋಳಾಗಬೇಕಿತ್ತು.

ಪೂಜೆಯಾದ ಮೇಲೆ ಅದನ್ನು ಯಾರೂ ಮುಟ್ಟಿಲ್ಲ. ವಸಿಷ್ಠನೂ.

ವಸಿಷ್ಠ ಬಗ್ಗಿ ನೋಡಿದ. ಮುಖ ಅರಳಿತು. ನಿಧಾನಕ್ಕೆ ಚಪ್ಪಾಳೆ ತಟ್ಟಿದ.

"ಭೇಷ್. ನಾನು ಬಿಚ್ಚಿಲ್ಲ ಅಂತ ನೀನೇ ಪ್ರೂವ್ ಮಾಡ್ಬಿಟ್ಟೆ. ಫೀಸು ಎಷ್ಟು ಹೇಳು, ಕೊಡ್ತೀನಿ."

"ಹಾಗಾದ್ರೆ ನಮ್ಮಕ್ಕಾನೂ ಬಿಚ್ಚಿಲ್ಲ," ಎಂದೆ. ದನಿ ನನಗೇ ತೆಳ್ಳಗೆ ಕೇಳಿತು.

"ಬಿಚ್ಚಿ, ಕುಂಕುಮ ಬೀಳ್ಸಿ, ಮುಚ್ಚಿ, ಆಮೇಲೆ ಬೊಟ್ಟಿಟ್ಟಿದಾಳೆ. ಮಗಾ, ಒಂಬತ್ತನೇ ಕ್ಲಾಸಿಗೆ ಇಷ್ಟೇ ಬರೋದು. ಹೋಗು, ಬೈಕ್ ಹುಡುಕು ಹೋಗು."

ಅಕ್ಕ ಪೆನ್ನಿಗೆ ಕೈ ಚಾಚಿದಳು. ಅವಳ ಪಾಲಿನ ಸೋಲನ್ನು ನಾನೇ ಹೊತ್ತು ತಂದು ಮೇಜಿನ ಮೇಲಿಟ್ಟಿದ್ದೆ.

"ಅಕ್ಕಾ, ಪೆನ್ನು ಕೆಳಗಿಡು."

"ಸಾಕು ಮನು. ಸುಸ್ತಾಯ್ತು."

"ಕೆಳಗಿಡು ಅಂದೆ!"

ಆಗ ಲಕ್ಷ್ಮಮ್ಮ ಎದ್ದರು. ಕ್ಯಾರಿಯರನ್ನು ಕುರ್ಚಿಯ ಮೇಲಿಟ್ಟು, ಸೆರಗು ಸಿಕ್ಕಿಸಿಕೊಂಡು ಯಂತ್ರದ ಹತ್ತಿರ ಬಂದು ಇಣುಕಿದರು.

"ಈ ಬೊಟ್ಟಿನ್ ವಿಸ್ಯಕ್ಕಾ ಇಷ್ಟು ರಂಪ? ಇದ್ ಇಟ್ಟಿದ್ದು ನಾನು."

ಚಿಕ್ಕಬೈರಪ್ಪ ಹೆಂಡತಿಯ ಕಡೆ ತಿರುಗಿದರು.

"ಏನಂದೆ?"

"ನಾನೇ ಕನ ಇಟ್ಟಿದ್ದು. ಅವತ್ತು ಟ್ಯೂಬಿನ್ ಪೆಟ್ಗೆ ಬಿಚ್ದಾಗಿಂದ ಮಂಗಳಾರತಿ ಆಗೋಗಂಟ ನಾನಿಲ್ಲೇ ಇದ್ದೆ. ಈ ಕೂಸು ತಟ್ಟೆ ಹಿಡ್ಕಂಡಿತ್ತು, ಅಷ್ಟೆಯ. ಅದು ಫಳಫಳ ಅಂತಿತ್ತು, ಮೊಕ ಇದ್ದಂಗೆ. ಅದ್ಕೇ ಅಲ್ಲಿಟ್ಟೆ. ಅದುನ್ನ ಯಾರೂ ಬಿಚ್ನಿಲ್ಲ."

"ಮೊದ್ಲೇ ಯಾಕ್ ಹೇಳಲಿಲ್ಲ ನೀನು?"

"ನನ್ನ ಯಾರ್ ಕೇಳುದ್ರು?"

ನಾನು ಅಕ್ಕನನ್ನು ನೋಡಿದೆ. ಅವಳು ನೆಲ ನೋಡುತ್ತಿದ್ದಳು. ದೊಡ್ಡವರ ಮನೆ ಹೆಂಗಸಿನ ಹೆಸರು ಎಳೆದು ತರಬಾರದೆಂದು ಬೆಳಗಿನಿಂದ ಬಾಯಿ ಕಟ್ಟಿಕೊಂಡು ಕೂತಿದ್ದಾಳೆ! ಸಿಟ್ಟು ಬಂತು. ಅದರ ಹಿಂದೆಯೇ ಹೆಮ್ಮೆಯೂ ಬಂತು. ಎರಡನ್ನೂ ನುಂಗಿದೆ.

"ಆಂಟಿ, ಈ ಬಟ್ಟಲು ನೋಡಿ. ಇದು ನೀವು ತಂದ ಕುಂಕುಮಾನಾ?"

ಲಕ್ಷ್ಮಮ್ಮ ಬಲೆಯನ್ನು ಬೆಳಕಿಗೆ ಹಿಡಿದು ನೋಡಿ ಮೂಗು ಮುರಿದರು. "ಥೂ. ಇದು ಅಂಗ್ಡೀದು. ನಂಗೆ ಅಂಗ್ಡಿ ಕುಂಕುಮ ಇಟ್ರೆ ಹಣೆ ಕಡೀತದೆ. ಅರ್ಸಿಣಕ್ಕೆ ಸುಣ್ಣ ಹಾಕಿ ಮನೇಲೇ ಮಾಡ್ಕತೀನಿ."

"ಕಣ್ಣಳತೇಲಿ ಹೇಳಿದ್ರೆ ಆಗಲ್ಲಮ್ಮ," ಎಂದ ವಸಿಷ್ಠ. ನಗು ಮಾತ್ರ ಸ್ವಲ್ಪ ಸಣ್ಣದಾಗಿತ್ತು.

"ಕಣ್ಣಳತೆ ಬೇಡ," ಎಂದರು ಸಮನ್ವಿತಾ. "ಅರಿಶಿನ ಸುಣ್ಣದ ಕೆಂಪು ಹುಳಿಗೆ ನಿಲ್ಲಲ್ಲ. ನಿಂಬೆಹಣ್ಣಿದೆಯಾ?"

ಕ್ಯಾರಿಯರಿನ ಮೇಲಿನ ಡಬ್ಬಿಯಲ್ಲಿ ಈರುಳ್ಳಿಯ ಜೊತೆ ಒಂದು ಹೋಳು ಇತ್ತು. ಚಿಕ್ಕಬೈರಪ್ಪನವರ ಮಧ್ಯಾಹ್ನದ ಊಟದ್ದು.

ಲಕ್ಷ್ಮಮ್ಮ ಸೊಂಟದ ಚೀಲದಿಂದ ಕುಂಕುಮದ ಭರಣಿ ತೆಗೆದು ಕಾಗದದ ಮೇಲೆ ಒಂದು ಚಿಟಿಕೆ ಹಾಕಿದರು. ಮೇಡಂ ಬಲೆಯ ಪುಡಿಯ ಎಣ್ಣೆ ತೊಳೆದು ಪಕ್ಕದಲ್ಲಿಟ್ಟರು. ಲಕ್ಷ್ಮಮ್ಮನವರೇ ಎರಡರ ಮೇಲೂ ನಿಂಬೆ ಹಿಂಡಿದರು.

ಲಕ್ಷ್ಮಮ್ಮನ ಕುಂಕುಮ ನೋಡನೋಡುತ್ತಲೇ ಹಳದಿಗೆ ತಿರುಗಿತು.

ಬಲೆಯದು ಕೆಂಪಾಗಿಯೇ ಉಳಿಯಿತು.

ಹೊರಗೆ ರಿಂಗ್ ರೋಡಿನ ಬಸ್ಸೊಂದು ಉಸಿರು ಬಿಟ್ಟು ನಿಂತಿತು.

"ಅಂದ್ರೆ," ಎಂದೆ ನಾನು, ಒಂದೊಂದೇ ಮಾತನ್ನು ಮೆಟ್ಟಿಲಿನಂತೆ ಹತ್ತುತ್ತ. "ಈ ಮನೆ ಕುಂಕುಮ ಒಳಗೆ ಹೋಗಿಲ್ಲ. ಇಲ್ಲಿಗೆ ಬಂದ ಮೇಲೆ ಜಾಯಿಂಟನ್ನ ಯಾರೂ ಬಿಚ್ಚಿಲ್ಲ. ಆದ್ರೂ ಒಳಗೆ ಕುಂಕುಮ ಇದೆ. ಅದು ಟ್ಯೂಬಿನ ಜೊತೇಲೇ ಬಂದಿದೆ. ಇದಕ್ಕೆ ಇನ್ನೆಲ್ಲೋ ಪೂಜೆ ಆಗಿದೆ. ಇನ್ನ್ಯಾರೋ ಬೊಟ್ಟಿಟ್ಟಿದಾರೆ. ಆಮೇಲೆ ಎಣ್ಣೆ ಬದಲಿಸೋಕೆ ಯಾರೋ ಬಾಯಿ ಒರೆಸದೆ ಬಿಚ್ಚಿದಾರೆ. ಹೊಚ್ಚ ಹೊಸಾ ಪೀಸಿಗೆ ಅಲ್ವಾ ವಸಿಷ್ಠ ಸಾರ್?"

"ಫ್ಯಾಕ್ಟರೀಲಿ ಏನೋ ಆಗಿರ್ಬೇಕು."

"ಯಾವ ದೇಶದ ಫ್ಯಾಕ್ಟರೀಲಿ ಸಾರ್ ಕುಂಕುಮ ಇಡ್ತಾರೆ?"

ಅವನು ಉಂಗುರದ ಮುಚ್ಚಳ ಎತ್ತಿಕೊಂಡು ಮುಚ್ಚಲು ಮುಂದಾದ. ನಾನು ಅಡ್ಡ ನಿಂತೆ. ಕದ್ದ ಬೈಕುಗಳ ಟ್ಯಾಂಕ್ ತಡವಿ ತಡವಿ ನನ್ನ ಬೆರಳಿಗೆ ಒಂದು ಚಾಳಿ ಬಿದ್ದಿದೆ. ಬಣ್ಣದ ಮೇಲೆ ಬಣ್ಣ ಹೊಡೆದರೆ ಅಂಚಿನಲ್ಲಿ ಸಣ್ಣ ಮೆಟ್ಟಿಲೊಂದು ಸಿಗುತ್ತದೆ. ಟ್ಯೂಬಿನ ಕವಚದ ಮೇಲೆ ಬೆರಳಾಡಿಸಿದೆ. ಸಿಕ್ಕಿತು.

"ಬೂದು ಬಣ್ಣದ ಕೆಳಗೆ ಇನ್ನೊಂದು ಬಣ್ಣ ಇದೆ. ಸ್ಪ್ರೇ ಹೊಡೆದಿದಾರೆ. ಗುಜರಿ ಮಾಲು."

ಅಡಿಭಾಗದಲ್ಲಿ ಬೆರಳು ಏನನ್ನೋ ಎಡವಿತು. ಬಣ್ಣದ ಕೆಳಗೆ ದುಂಡನೆಯ ಒಂದು ಉಬ್ಬು, ಕಾಳುಮೆಣಸಿನಷ್ಟು.

"ಅಕ್ಕಾ, ಬಾ ಇಲ್ಲಿ. ಇದೇನಿದು?"

ಅಕ್ಕ ಬಂದು ಮಂಡಿಯೂರಿದಳು. ಉಗುರಿನಿಂದ ಕೆರೆದಳು. ಬೂದು ಬಣ್ಣ ಹೊಪ್ಪಳೆಯಂತೆ ಎದ್ದಿತು. ಕೆಳಗೊಂದು ಸ್ಟಿಕ್ಕರ್ ಬೊಟ್ಟು. ಕಡುಗೆಂಪು, ನಡುವೆ ಒಂದು ಬಿಳಿ ಕಲ್ಲು.

ಎದ್ದು ನಿಂತಾಗ ನನ್ನಕ್ಕನ ಮುಖ ನನ್ನಕ್ಕನದಾಗಿರಲಿಲ್ಲ. ಬೆಳಗಿನಿಂದ ಬಗ್ಗಿದ್ದ ಕುತ್ತಿಗೆ ನೆಟ್ಟಗಾಗಿತ್ತು.

"ನಂಗೆ ಈ ಟ್ಯೂಬ್ ಗೊತ್ತು," ಎಂದಳು. "ಬಿಟಿಎಂ ಲೇಔಟಲ್ಲಿ ನಾನು ಟ್ರೇನಿಂಗ್ ಮಾಡಿದ ಆಸ್ಪತ್ರೇದು. ಅಲ್ಲಿ ನನ್ನ ಜೊತೆ ಒಬ್ಬಳಿದ್ಲು. ಕಂಡಿದ್ದಕ್ಕೆಲ್ಲ ತನ್ನ ಸ್ಟಿಕ್ಕರ್ ಅಂಟಿಸೋಳು. ಈ ಟ್ಯೂಬ್ ಅಲ್ಲೂ ಸುಡ್ತು. ಬೆಳಿಗ್ಗೆ ಮಷೀನ್ ಬಿಸಿ ಮಾಡದೇ ಓಡ್ಸಿದಾಳೆ ಅಂತ ಅವಳ ಮೇಲೆ ಹಾಕಿದ್ರು. ಹೀಗೇ ಒಂದು ಸಾಲು ಬರ್ಸಿಕೊಂಡ್ರು."

"ಬರ್ದಳಾ?" ಎಂದೆ.

"ಬರ್ದಳು. ಆಮೇಲೆ ಅವಳನ್ನ ಯಾರೂ ಕೆಲಸಕ್ಕೆ ತಗೊಳ್ಳಲಿಲ್ಲ." ಅಕ್ಕ ಮೊಬೈಲ್ ತೆಗೆದಳು. ಮೇಜಿನ ಮೇಲಿನ ಬಿಳಿ ಹಾಳೆಯನ್ನು ಮಡಚಿ, ಮತ್ತೆ ಮಡಚಿ, ಸಣ್ಣ ಚೌಕ ಮಾಡಿ ವಸಿಷ್ಠನ ಜೇಬಿಗೆ ಸಿಕ್ಕಿಸಿದಳು. "ನಾನು ಬರ್ಯಲ್ಲ. ಸ್ಟೇಷನ್ನಿಗೆ ಹೋಗೋದಾದ್ರೆ ನಡೀರಿ, ನಾನೂ ಬರ್ತೀನಿ. ಅದಕ್ಕೆ ಮೊದ್ಲು ಅವಳಿಗೊಂದು ಫೋನು."

ಚಿಕ್ಕಬೈರಪ್ಪನವರು ಎರಡು ಹೆಜ್ಜೆ ಮುಂದೆ ಬಂದರು. ಅವರ ದನಿ ಏಕಾಏಕಿ ಬೆಣ್ಣೆಯಾಗಿತ್ತು. "ನೋಡು ಮಗಾ, ಆಗಿದ್ದಾಯ್ತು. ತಪ್ಪು ನಿಂದಲ್ಲ ಅಂತ ಗೊತ್ತಾಯ್ತಲ್ಲ. ನಾಳೆಯಿಂದ ಕೆಲ್ಸಕ್ಕೆ ಬಾ. ಫೋನುಗೀನು ಎಲ್ಲ ಯಾಕೆ? ಕವರ್ ಮುಚ್ಚುಬುಡ್ರಿ ಮೇಡಂ."

ಮೋಸ ಹೋದ ಮಾಲೀಕ ಮಾರಿದವನ ಕಾಲರ್ ಹಿಡಿಯಬೇಕಿತ್ತು. ಇವರು ಕವರ್ ಮುಚ್ಚಿ ಎನ್ನುತ್ತಿದ್ದರು.

ಅಕ್ಕ ನಂಬರ್ ಹುಡುಕುತ್ತಿದ್ದಳು.

"ಚೈತ್ರ, ಪ್ಲೀಸ್," ಎಂದ ವಸಿಷ್ಠ. ಇಸ್ತ್ರಿ ಕಳಚಿಬಿದ್ದಿತ್ತು. "ಸಿರಿಗೆ ಫೋನ್ ಮಾಡ್ಬೇಡಿ."

ಅಕ್ಕನ ಬೆರಳು ನಿಂತಿತು.

"ನಾನು ಹೆಸರೇ ಹೇಳಿಲ್ವಲ್ಲ ಸಾರ್," ಎಂದಳು. ಎಂದವಳೇ ನಂಬರ್ ಒತ್ತಿ, ಸ್ಪೀಕರ್ ಹಾಕಿ, ಫೋನನ್ನು ಬಟ್ಟಲಿನ ಪಕ್ಕ ಇಟ್ಟಳು.

ಒಂದೇ ರಿಂಗಿಗೆ ಎತ್ತಿದರು. ಅಕ್ಕ ಹಲೋ ಎನ್ನುವ ಮೊದಲೇ ಆ ಕಡೆಯಿಂದ ತೆಳ್ಳನೆಯ, ಅವಸರದ ಹೆಣ್ಣುದನಿ.

"ಚೈತ್ರಾ? ಹೊನ್ನಕಿರಣದಲ್ಲಿ ಟ್ಯೂಬ್ ಸುಡ್ತಂತೆ? ನೀನು ಬರ್ದು ಕೊಟ್ಯಾ?"

"ಇಲ್ಲ ಕಣೇ. ಕೊಟ್ಟಿಲ್ಲ."

ಆ ಕಡೆ ಉಸಿರು ಬಿಟ್ಟ ಸದ್ದು.

"ಕೊಡಬೇಡ. ಸತ್ರೂ ಕೊಡಬೇಡ. ವಸಿಷ್ಠ ಅಲ್ಲೇ ಇದಾನಾ?"

"ಇದಾನೆ."

"ಅವನು ಬರೀ ಬಣ್ಣ ಹೊಡ್ಯೋನು ಕಣೆ. ಸುಟ್ಟ ಟ್ಯೂಬನ್ನ ಹೊಸದು ಅಂತ ಓಡ್ಸೋನು ಬೇರೆ. ಅವತ್ತು ನನ್ ಕೈಗೆ ಪೆನ್ ಕೊಟ್ಟಿದ್ದು ಅವನಲ್ಲ. ಅವನ ಪಕ್ಕ ಯಾರಾದ್ರೂ ನಿಂತಿದಾರಾ ನೋಡು. ಮೈಮೇಲೆಲ್ಲ ಬಿಳಿ. ಕಾಲಿಗೂ ಬಿಳಿ ಚಪ್ಪಲಿ..."

ಚಿಕ್ಕಬೈರಪ್ಪನವರ ಕೈ ಫೋನಿನ ಕಡೆ ಹಾರಿತು.

ಅದು ಮುಟ್ಟುವ ಮೊದಲೇ, ನಿಂಬೆ ರಸ ಮತ್ತು ಅರಿಶಿನ ಮೆತ್ತಿದ ಇನ್ನೊಂದು ಕೈ ಆ ಮಣಿಕಟ್ಟನ್ನು ಗಪ್ಪನೆ ಹಿಡಿಯಿತು.

"ಆ ಹುಡ್ಗಿ ಮಾತಾಡ್ಲಿ," ಎಂದರು ಲಕ್ಷ್ಮಮ್ಮ, ಗಂಡನ ಮುಖವನ್ನೇ ನೋಡುತ್ತ. "ನಾನೂ ಕೇಳ್ಬೇಕು."